ಮೈಸೂರು ದೊರೆ, ಲಂಡನ್ನಿನ ಪಿಯಾನೋ

ಮೊದಲಿಗೇ ಹೇಳಿಬಿಡ್ತೀನಿ, ನನಗೆ ಪಿಯಾನೋ ನುಡಿಸೋಕೆ ಬರಲ್ಲ. ನಮ್ಮೂರು ಶಿಡ್ಲಘಟ್ಟದ ಕಡೆ, ಮನೆಯಲ್ಲಿ ರೇಷ್ಮೆ ಹುಳು ಸಾಕ್ತೀವಿ. ಚಿಕ್ಕಂದಿನಲ್ಲಿ ಕೇಳಿದ ಸಂಗೀತ ಅಂದ್ರೆ ಭಜನೆ ಮನೆಯ ತಾಳ, ಕೈವಾರದ ತಾತಯ್ಯನವರ ಕೀರ್ತನೆಗಳು, ಚಿಂತಾಮಣಿ ಬಸ್ಸಿನಲ್ಲಿ ಹಾಕೋ ಸಿನಿಮಾ ಹಾಡು, ಅಷ್ಟೇ. ಕಳೆದ ಸೆಮಿಸ್ಟರಿನಲ್ಲಿ ಪಕ್ಕದ ರೂಮಿನವನು ಓದುವಾಗ ಕೇಳೋಕೆ ಅಂತ ಹಳೆಯ ಪಿಯಾನೋ ರೆಕಾರ್ಡಿಂಗ್ ಒಂದನ್ನು ಹಾಕಿದ್ದ. ಅದರ ಕೆಳಗಿನ ವಿವರದಲ್ಲಿ ಮೈಸೂರು ಮಹಾರಾಜರಿಗೆ ಅರ್ಪಣೆ ಅಂತ ಇತ್ತು. ರಷ್ಯಾದ ಸಂಗೀತಗಾರ, ಲಂಡನ್ನಿನ ಆರ್ಕೆಸ್ಟ್ರಾ, ಮಧ್ಯೆ ನಮ್ಮ ಮೈಸೂರು! ಆವತ್ತು ಓದಬೇಕಿದ್ದ ಸಿಗ್ನಲ್ಸ್ ಪಾಠ ಹಾಗೇ ಉಳೀತು. ಬದಲಿಗೆ ಜಯಚಾಮರಾಜ ಒಡೆಯರ್ ಬಗ್ಗೆ ಓದ್ತಾ ಕೂತೆ.

ನಮ್ಮ ಕಡೆಯವರಿಗೆ ಈ ಹೆಸರು ಹೊಸದೇನಲ್ಲ. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ. ಅದಕ್ಕೆ ಮುಂಚೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲವೂ ಕೋಲಾರ ಜಿಲ್ಲೆಯ ತಾಲ್ಲೂಕುಗಳು. ಅದಕ್ಕೂ ಮುಂಚೆ ಕೋಲಾರ ಜಿಲ್ಲೆ ಮೈಸೂರು ಸಂಸ್ಥಾನದ್ದು. ನಮ್ಮ ಮುತ್ತಜ್ಜಂದಿರು ಕಂದಾಯ ಕಟ್ಟಿದ ಕೊನೆಯ ದೊರೆ ಇವರು. ಈ ಕಂದಾಯದ ಮಾತು ನೆನಪಿರಲಿ, ಆಮೇಲೆ ಅದಕ್ಕೇ ಬರ್ತೀನಿ.

ಜಯಚಾಮರಾಜರು ಹುಟ್ಟಿದ್ದು 1919ರ ಜುಲೈ 18ರಂದು, ಮೈಸೂರಿನಲ್ಲಿ. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್. ಪಟ್ಟದಲ್ಲಿದ್ದವರು ದೊಡ್ಡಪ್ಪ, ನಾಲ್ವಡಿ ಕೃಷ್ಣರಾಜ ಒಡೆಯರ್. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು ದಿವಾನರನ್ನಾಗಿ ಮಾಡಿಕೊಂಡ ನಾಲ್ವಡಿಯವರು ಅಂದ್ರೆ ಎಂಜಿನಿಯರಿಂಗ್ ಓದುವವರಿಗೆ ಬೇಗ ಗೊತ್ತಾಗತ್ತೆ. ಅವರ ಅರಮನೆಯಲ್ಲಿ ಒಂದು ಕಡೆ ವೀಣೆ, ಪಿಟೀಲು, ಗಾಯನದ ಆಸ್ಥಾನ ವಿದ್ವಾಂಸರು, ಇನ್ನೊಂದು ಕಡೆ ಪಾಶ್ಚಾತ್ಯ ವಾದ್ಯಗಳ ಬ್ಯಾಂಡು. ಸ್ವತಃ ನಾಲ್ವಡಿಯವರೇ ಹಲವು ವಾದ್ಯ ನುಡಿಸುತ್ತಿದ್ದರು. ಇಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ತೋಡಿ ರಾಗವೂ ಬೀಥೊವನ್ನನ ಸೊನಾಟಾವೂ ಒಂದೇ ಅಂಗಳದಲ್ಲಿ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಹುಡುಗ ಹಿಡಿದದ್ದು ಪಿಯಾನೋವನ್ನು. ಹವ್ಯಾಸಕ್ಕೆ ಅಂತ ಎರಡು ಹಾಡು ಕಲಿತು ಬಿಟ್ಟವರಲ್ಲ ಅವರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು, ಅಲ್ಲಿನ ಟ್ರಿನಿಟಿ ಸಂಗೀತ ಕಾಲೇಜು 1945ರಲ್ಲಿ ಗೌರವ ಫೆಲೋಷಿಪ್ ಕೊಟ್ಟಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1938ರಲ್ಲಿ ಡಿಗ್ರಿ ಮುಗಿಸಿ ಮರುವರ್ಷ ಯುರೋಪು ಸುತ್ತಿ ಬಂದರು. ಕಚೇರಿ ಕೊಡುವ ಪಿಯಾನೋ ವಾದಕ ಆಗಬೇಕು ಅನ್ನೋದು ಮನಸ್ಸಿನಲ್ಲಿದ್ದ ಆಸೆ. ಆದರೆ 1940ರ ಮಾರ್ಚಿನಲ್ಲಿ ತಂದೆ ಹೋದರು. ಅದೇ ವರ್ಷ ಆಗಸ್ಟಿನಲ್ಲಿ ದೊಡ್ಡಪ್ಪನೂ ಹೋದರು. ಇಪ್ಪತ್ತೊಂದನೇ ವಯಸ್ಸಿಗೆ, ಅಂದ್ರೆ ನಾವು ಪ್ಲೇಸ್‌ಮೆಂಟ್ ಇಂಟರ್ವ್ಯೂಗೆ ಶರ್ಟ್ ಇಸ್ತ್ರಿ ಮಾಡೋ ವಯಸ್ಸಿಗೆ, ಅವರು ಸಿಂಹಾಸನದ ಮೇಲೆ ಕೂತಿದ್ದರು. ವೇದಿಕೆಯ ಆಸೆ ಅಲ್ಲಿಗೆ ಮುಗಿಯಿತು.

ಮುಂದಿನ ಕಥೆ ಅರ್ಥ ಆಗಬೇಕಾದರೆ ಆ ಪಿಯಾನೋದ ಹಿಂದಿರುವ ಕಾಲಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ನನಗೆ ಗೊತ್ತಾಗಿದ್ದು ಇಷ್ಟು.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಸುಮಾರು 1600ರಿಂದ 1750ರವರೆಗಿನದು ಬರೋಕ್ ಕಾಲ. ಬಾಖ್, ಹ್ಯಾಂಡಲ್ ಇದ್ದ ಕಾಲ. ಮೂರು ನಾಲ್ಕು ದನಿಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡ್ತಾವೆ, ಕೆಳಗೆ ಮಂದ್ರದ ದನಿ ನಿಲ್ಲದೆ ನಡೀತಾ ಇರುತ್ತೆ. ಒಂದು ಭಾಗ ಯಾವ ಭಾವದಲ್ಲಿ ಶುರುವಾಯಿತೋ ಹೆಚ್ಚಾಗಿ ಅದೇ ಭಾವದಲ್ಲಿ ಮುಗಿಯುತ್ತೆ. ಮನೆಗಳಲ್ಲಿದ್ದ ಕೀಲಿಮಣೆ ವಾದ್ಯ ಹಾರ್ಪ್ಸಿಕಾರ್ಡ್. ಅದರಲ್ಲಿ ತಂತಿಯನ್ನು ಮೀಟುತ್ತಾರೆ, ಬಡಿಯುವುದಿಲ್ಲ. ಹಾಗಾಗಿ ಬೆರಳು ಮೆಲ್ಲಗೆ ಒತ್ತಲಿ, ಜೋರಾಗಿ ಒತ್ತಲಿ, ಸದ್ದು ಹೆಚ್ಚುಕಡಿಮೆ ಒಂದೇ.

ಆಮೇಲೆ 1820ರ ಸುಮಾರಿನವರೆಗೆ ಹೈಡನ್, ಮೊಟ್ಸಾರ್ಟರ ಕಾಲ. ಇದನ್ನು ಕ್ಲಾಸಿಕಲ್ ಅಂತಲೇ ಕರೀತಾರೆ. ಪ್ರಶ್ನೆ ಕೇಳಿದಂತೆ ಒಂದು ಸಾಲು, ಉತ್ತರ ಕೊಟ್ಟಂತೆ ಇನ್ನೊಂದು ಸಾಲು. ಅಳತೆ, ತೂಕ, ಸ್ಪಷ್ಟತೆ. ಸಂಗೀತ ತನ್ನ ಮನೆಸ್ವರ ಬಿಟ್ಟು ಹೊರಗೆ ಹೋಗುತ್ತೆ, ಹೊತ್ತಿಗೆ ಸರಿಯಾಗಿ ವಾಪಸ್ ಬರುತ್ತೆ. ಸಂಗೀತಗಾರ ಯಾವುದೋ ಶ್ರೀಮಂತರ ಮನೆಯ ನೌಕರ. ಹೈಡನ್ ಎಸ್ಟರ್‌ಹಾಜಿ ಮನೆತನದ ಸಮವಸ್ತ್ರ ಹಾಕಿಕೊಂಡು ಸುಮಾರು ಮೂವತ್ತು ವರ್ಷ ದುಡಿದ.

ಇವರಾದ ಮೇಲೆ ಬಂದದ್ದು ರೊಮ್ಯಾಂಟಿಕ್ ಕಾಲ. ಹೊಸಿಲ ಮೇಲೆ ಬೀಥೊವನ್, ಒಳಗೆ ಶೂಬರ್ಟ್, ಶೂಮನ್, ಶೋಪ್ಯಾನ್, ಲಿಸ್ಟ್, ವ್ಯಾಗ್ನರ್, ಬ್ರಾಮ್ಸ್, ಚೈಕೋವ್‌ಸ್ಕಿ. ರೊಮ್ಯಾಂಟಿಕ್ ಅಂದ ಕೂಡಲೇ ಹೀರೋ ಹೀರೋಯಿನ್ ನಂದಿ ಬೆಟ್ಟದ ಮೇಲೆ ಓಡಾಡೋದು ಅಂತ ತಿಳೀಬೇಡಿ. ಇಲ್ಲಿ ಸಂಗೀತಗಾರ ಯಜಮಾನನ ಊಟದ ಹೊತ್ತಿಗೆ ನುಡಿಸುವವನಾಗಿ ಉಳಿಯಲಿಲ್ಲ. ತನ್ನ ಒಳಗಿನದನ್ನು ಹೇಳಲು ಹೊರಟ. ರಾತ್ರಿ, ಕಾಡು, ಜನಪದ ಕಥೆ, ಸಾವು, ಬಿಟ್ಟುಬಂದ ಊರು, ಸಿಗದ ಪ್ರೀತಿ ಎಲ್ಲವೂ ವಾದ್ಯಕ್ಕೆ ಬಂದವು. ಒಂದೇ ಭಾಗದೊಳಗೆ ಪಿಸುಮಾತೂ ಇರುತ್ತೆ, ಸಿಡಿಲೂ ಇರುತ್ತೆ. ಮನೆಸ್ವರಕ್ಕೆ ಮರಳೋದನ್ನ ಮುಂದಕ್ಕೆ ಹಾಕ್ತಾ ಹೋಗೋದು ಇವರ ದೊಡ್ಡ ಉಪಾಯ. 1865ರಲ್ಲಿ ರಂಗಕ್ಕೆ ಬಂದ ವ್ಯಾಗ್ನರನ ಟ್ರಿಸ್ಟನ್ ಒಪೆರಾದಲ್ಲಿ ಶುರುವಿನ ಸ್ವರಗುಚ್ಛ ಹುಟ್ಟಿಸಿದ ಚಡಪಡಿಕೆ ಪೂರ್ತಿ ತೀರೋದು ಗಂಟೆಗಟ್ಟಲೆ ಕಳೆದು ಕೊನೆಯಲ್ಲಿ. ನಮ್ಮ ಗಾಯಕರು ಷಡ್ಜದ ಹತ್ತಿರ ಹತ್ತಿರ ಬಂದು ನಿಲ್ಲದೇ ತಪ್ಪಿಸಿಕೊಂಡು ಹೋದಾಗ ಆಗುತ್ತಲ್ಲ, ಆ ಥರ. ಹೋಲಿಕೆ ಪೂರ್ತಿ ಸರಿಯಲ್ಲ ಬಿಡಿ; ನಮ್ಮಲ್ಲಿ ಶ್ರುತಿ ಕದಲೋದೇ ಇಲ್ಲ, ಅವರಲ್ಲಿ ಮನೆಯೇ ಜಾಗ ಬದಲಾಯಿಸುತ್ತೆ.

ಮೆಕ್ಯಾನಿಕಲ್ ಗೆಳೆಯರಿಗೆ ಒಂದು ಮಾತು. ಈ ಭಾವತೀವ್ರತೆಯ ಹಿಂದೆ ನಿಮ್ಮ ಸಬ್ಜೆಕ್ಟೂ ಇದೆ. ಮೊಟ್ಸಾರ್ಟನ ಪಿಯಾನೋ ಮರದ ಚೌಕಟ್ಟಿನದು, ಸುಮಾರು ಐದು ಸಪ್ತಕದ್ದು, ದನಿ ಸಣ್ಣದು. ಹತ್ತೊಂಬತ್ತನೇ ಶತಮಾನದಲ್ಲಿ ಎರಕದ ಕಬ್ಬಿಣದ ಚೌಕಟ್ಟು ಬಂತು. ದಪ್ಪ ತಂತಿಗಳನ್ನು ಬಿಗಿದು ಕಟ್ಟಬಹುದಾಯಿತು. ಇವತ್ತಿನ ದೊಡ್ಡ ಪಿಯಾನೋದಲ್ಲಿ ಎಲ್ಲ ತಂತಿಗಳ ಒಟ್ಟು ಎಳೆತ ಇಪ್ಪತ್ತು ಟನ್ನಿನ ಹತ್ತಿರ ಇರುತ್ತೆ. ಮರ ಅದನ್ನ ತಡೆಯಲ್ಲ. ಕೊಂಬು, ಕಹಳೆಗಳಿಗೆ ವಾಲ್ವ್ ಬಂದಿದ್ದೂ ಆ ಶತಮಾನದಲ್ಲೇ. ಅಲ್ಲಿಯವರೆಗೆ ಕೆಲವೇ ಸ್ವರ ಸಲೀಸಾಗಿ ಹೊರಡುತ್ತಿದ್ದ ವಾದ್ಯಗಳಲ್ಲಿ ಎಲ್ಲ ಸ್ವರವೂ ಹೊರಟವು. ಮೂವತ್ತು ನಲವತ್ತು ಜನರ ಆರ್ಕೆಸ್ಟ್ರಾ ನೂರು ಜನರದ್ದಾಯಿತು. ಲಿಸ್ಟ್ ಮನಸ್ಸಿನಲ್ಲಿ ಗುಡುಗಿದ್ದು ಸಭಾಂಗಣದ ಕೊನೆ ಸಾಲಿಗೆ ಕೇಳಿಸಿದ್ದರಲ್ಲಿ ಎರಕದ ಮನೆಯವರ ಪಾಲೂ ಉಂಟು.

ಈ ಕಾಲ ಮುಗಿದದ್ದು ಇಪ್ಪತ್ತನೇ ಶತಮಾನದ ಮೊದಲ ಎರಡು ದಶಕಗಳಲ್ಲಿ. 1908ರ ಹೊತ್ತಿಗೆ ಷೋನ್‌ಬರ್ಗ್ ಮನೆಸ್ವರವನ್ನೇ ಬಿಟ್ಟುಬಿಟ್ಟ. 1913ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಟ್ರಾವಿನ್‌ಸ್ಕಿಯ ವಸಂತಬಲಿ ಬ್ಯಾಲೆಗೆ ಸಭಿಕರು ಗಲಾಟೆ ಎಬ್ಬಿಸಿದರು. ಆಮೇಲೆ ಮಹಾಯುದ್ಧ. ಅಷ್ಟು ಸಾವು ಕಂಡ ಮೇಲೆ ಬೆಳದಿಂಗಳು, ಕಾಡು, ನಿಟ್ಟುಸಿರು ಅಂದ್ರೆ ಹೊಸಬರಿಗೆ ಮುಜುಗರ. ಕನ್ನಡ ಓದಿದವರಿಗೆ ಇದು ಗೊತ್ತಿರೋ ಕಥೆಯೇ. ಬಿ.ಎಂ.ಶ್ರೀ ಅವರ ಇಂಗ್ಲಿಷ್ ಗೀತಗಳಿಂದ ಬೆಳೆದ ನವೋದಯದ ರಮ್ಯ ಕಾವ್ಯವನ್ನು ಅಡಿಗರ ಕಾಲದ ನವ್ಯರು ಹೇಗೆ ನೋಡಿದರೋ ಹಾಗೆ. ಒಂದು ತಲೆಮಾರಿಗೆ ಉಸಿರಾಗಿದ್ದು ಮುಂದಿನವರಿಗೆ ಬರೀ ಅಲಂಕಾರದಂತೆ ಕಂಡಿತು.

ಈಗ ಪಿಯಾನೋ ರೆಕಾರ್ಡಿಂಗಿನ ಆ ರಷ್ಯನ್ನನ ಹತ್ತಿರ ಬರೋಣ. ಹೆಸರು ನಿಕೊಲಾಯ್ ಮೆಟ್ನರ್. 1880ರ ಜನವರಿಯಲ್ಲಿ ಮಾಸ್ಕೋದಲ್ಲಿ ಹುಟ್ಟಿದವನು, ರಖ್ಮನಿನೋವನ ಗೆಳೆಯ. ಹದಿನಾಲ್ಕು ಪಿಯಾನೋ ಸೊನಾಟಾ, ಕಥೆಗಳು ಅಂತ ಹೆಸರಿಟ್ಟ ಪುಟ್ಟ ಪುಟ್ಟ ಪಿಯಾನೋ ಕೃತಿಗಳು, ಮೂರು ಕನ್ಚರ್ಟೋ, ನೂರಕ್ಕೂ ಮಿಕ್ಕಿ ಹಾಡು ಬರೆದ. ಅವನ ಭಾವ ರೊಮ್ಯಾಂಟಿಕ್, ಮೈಕಟ್ಟು ಬೀಥೊವನ್ನನಿಂದ ಬಂದದ್ದು. ಮೇಲೆ ಹೇಳಿದ ಕಾಲವಿಭಾಗಗಳನ್ನು ಗೆರೆ ಹೊಡೆದಂತೆ ನೋಡಬಾರದು ಅನ್ನೋದಕ್ಕೆ ಅವನೇ ಒಳ್ಳೇ ಉದಾಹರಣೆ. 1921ರಲ್ಲಿ ರಷ್ಯಾ ಬಿಟ್ಟ. ಜರ್ಮನಿ, ಫ್ರಾನ್ಸ್ ಎಲ್ಲೂ ನೆಲೆ ಸಿಗಲಿಲ್ಲ. ಹೊಸ ಸಂಗೀತವನ್ನು ಖಂಡಿಸಿ 1935ರಲ್ಲಿ ಒಂದು ಪುಸ್ತಕವನ್ನೇ ಬರೆದ. ಸಂಗೀತದ ಮೂಲ ನಿಯಮಗಳನ್ನು ಫ್ಯಾಷನ್ನಿಗಾಗಿ ಕೈಬಿಡಬಾರದು ಅನ್ನೋದು ಅವನ ವಾದ. ಕೇಳೋರು ಕಡಿಮೆ. ಕೊನೆಗೆ ಲಂಡನ್ನಿನ ಉತ್ತರಕ್ಕಿರುವ ಗೋಲ್ಡರ್ಸ್ ಗ್ರೀನ್‌ನಲ್ಲಿ ಮನೆ ಮಾಡಿ ಪಾಠ ಹೇಳಿಕೊಂಡಿದ್ದ. ಎರಡನೇ ಮಹಾಯುದ್ಧ ಬಂದು ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. ಹೃದಯದ ಕಾಯಿಲೆ ಶುರುವಾಯಿತು. ಆ ದಿನಗಳಲ್ಲೇ, 1943ರಲ್ಲಿ, ಮೂರನೇ ಕನ್ಚರ್ಟೋ ಮುಗಿಸಿದ. ಅದರ ಹಿಂದಿರೋದು ಲೆರ್ಮೊಂಟೋವನ ಒಂದು ಪದ್ಯ, ನೀರಿನ ತಳದಲ್ಲಿ ಮಲಗಿದ ವೀರ, ಅವನನ್ನು ಎಬ್ಬಿಸಲಾಗದ ಜಲಕನ್ಯೆ. ಬಾಂಬು ಬೀಳ್ತಿದ್ದ ಇಂಗ್ಲೆಂಡಿನಲ್ಲಿ ಕೂತು ಜಲಕನ್ಯೆಯ ಮೇಲೆ ಮೂವತ್ತು ಮೂವತ್ತೈದು ನಿಮಿಷದ ಸಂಗೀತ! ಹೊಸಬರು ಯಾಕೆ ನಕ್ಕರು ಅಂತ ಗೊತ್ತಾಗತ್ತೆ. ಅವನು ಯಾಕೆ ಬಿಡಲಿಲ್ಲ ಅನ್ನೋದೂ ಗೊತ್ತಾಗತ್ತೆ.

ಮೈಸೂರಿನ ದೊರೆಗೆ ಮೆಟ್ನರ್ ಇಷ್ಟವಾಗಿದ್ದ. ಅವರು ಮೆಟ್ನರ್ ಸೊಸೈಟಿ ಅಂತ ಒಂದನ್ನು ಹುಟ್ಟುಹಾಕಿ, ಅವನ ಕೃತಿಗಳನ್ನು ಅವನೇ ನುಡಿಸಿ ಎಚ್‌ಎಂವಿ ಕಂಪನಿ ರೆಕಾರ್ಡ್ ಮಾಡುವಂತೆ ಹಣ ಕೊಟ್ಟರು. 1947ರಲ್ಲಿ, ಅರವತ್ತೇಳು ವಯಸ್ಸಿನ ಹೃದ್ರೋಗಿ ಮೆಟ್ನರ್ ಸ್ಟುಡಿಯೋದಲ್ಲಿ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದ ಜೊತೆ ಕೂತು ಮೂರೂ ಕನ್ಚರ್ಟೋ ನುಡಿಸಿದ. ಆಗ ಟೇಪ್ ಎಡಿಟಿಂಗ್ ಕಾಲ ಅಲ್ಲ. 78 ಸುತ್ತಿನ ತಟ್ಟೆಯ ಒಂದು ಮುಖಕ್ಕೆ ನಾಲ್ಕೂವರೆ ನಿಮಿಷದಷ್ಟೇ ಹಿಡಿಸೋದು. ಒಂದು ಕಡೆ ಬೆರಳು ಜಾರಿದರೆ ಆ ಮುಖ ಪೂರ್ತಿ ಮತ್ತೆ ನುಡಿಸಬೇಕು. ಸೊನಾಟಾಗಳು, ಪುಟ್ಟ ಕೃತಿಗಳು, ಹಾಡುಗಳೂ ರೆಕಾರ್ಡ್ ಆದವು. 1950ರಲ್ಲಿ ಅವನ ಪಿಯಾನೋದ ಜೊತೆ ಹಾಡಿದವರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕೋಫ್ ಇದ್ದಳು. ಮೆಟ್ನರ್ ಮೂರನೇ ಕನ್ಚರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. 1951ರ ನವೆಂಬರಿನಲ್ಲಿ ಲಂಡನ್ನಿನಲ್ಲೇ ತೀರಿಕೊಂಡ.

ಈಗ ಕಂದಾಯದ ಮಾತು. 1947 ಅಂದ್ರೆ ನಮ್ಮ ಸಂಸ್ಥಾನದಲ್ಲಿ ಏನು ನಡೀತಿತ್ತು? ದೇಶಕ್ಕೆ ಆಗಸ್ಟಿನಲ್ಲಿ ಸ್ವಾತಂತ್ರ್ಯ ಬಂತು, ಮೈಸೂರು ಭಾರತಕ್ಕೆ ಸೇರಿತು. ಆದರೆ ಜವಾಬ್ದಾರಿ ಸರ್ಕಾರ ಇನ್ನೂ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿ. ಶಾಲೆ ಕಾಲೇಜು ಬಿಟ್ಟ ಹುಡುಗರು, ರೈತರು, ಕಾರ್ಮಿಕರು ಜೈಲು ತುಂಬಿದರು, ಕೆಲವರು ಪ್ರಾಣ ಬಿಟ್ಟರು. ನಮ್ಮ ಗೌರಿಬಿದನೂರಿನ ವಿದುರಾಶ್ವತ್ಥದಲ್ಲಂತೂ ಅದಕ್ಕೆ ಒಂಬತ್ತು ವರ್ಷ ಮೊದಲೇ, 1938ರ ಏಪ್ರಿಲ್ 25ರಂದು, ನಾಲ್ವಡಿಯವರ ಆಡಳಿತದಲ್ಲೇ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಆ ಊರಿನವರಿಗೆ ಮೈಸೂರು ದೊರೆತನ ಅಂದ್ರೆ ಬರೀ ದಸರಾ ಅಲ್ಲ. 1947ರ ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿದರು. ನಮ್ಮದೇ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿಯವರು 25ರಂದು ಮೊದಲ ಮುಖ್ಯಮಂತ್ರಿಯಾದರು. ಅದೇ ವರ್ಷ ಲಂಡನ್ನಿನಲ್ಲಿ ಮೈಸೂರಿನ ದುಡ್ಡಿನಿಂದ ಜಲಕನ್ಯೆಯ ಕನ್ಚರ್ಟೋ ತಟ್ಟೆಗೆ ಇಳಿಯುತ್ತಿತ್ತು.

ಇದನ್ನ ಓದಿದಾಗ ನನಗೆ ಸಿಟ್ಟು ಬಂದಿದ್ದು ಸುಳ್ಳಲ್ಲ. ಅರಮನೆಯ ಖರ್ಚಿಗೆ ಹಣ ಹೋಗುತ್ತಿದ್ದದ್ದು ಸಂಸ್ಥಾನದ ಬೊಕ್ಕಸದಿಂದ, ಬೊಕ್ಕಸಕ್ಕೆ ಬರುತ್ತಿದ್ದದ್ದು ಜನರ ಹತ್ತಿರದಿಂದ. 1949ರಲ್ಲಿ ಎಚ್‌ಎಂವಿಯ ರೆಕಾರ್ಡಿಂಗ್ ನಿರ್ಮಾಪಕ, ಫಿಲ್‌ಹಾರ್ಮೋನಿಯಾ ಕಟ್ಟಿದ ವಾಲ್ಟರ್ ಲೆಗ್ ಮೈಸೂರಿಗೇ ಬಂದ. ಆರ್ಕೆಸ್ಟ್ರಾವನ್ನು ಗಟ್ಟಿ ಮಾಡಲು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಮಹಾರಾಜರು ಒಪ್ಪಿದರು ಅಂತ ಅವನೇ ಬರೆದಿಟ್ಟಿದ್ದಾನೆ. ಆಗಿನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ 33 ಸಾವಿರ ರೂಪಾಯಿ. ಅದರಲ್ಲಿ ಶಿಡ್ಲಘಟ್ಟದಲ್ಲಿ ಎಷ್ಟು ಕೆರೆ ಹೂಳೆತ್ತಿಸಬಹುದಿತ್ತು ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಇನ್ನೊಂದು ಕಡೆಯೂ ಇದೆ. ಆ ಹಣ ಇಲ್ಲದಿದ್ದರೆ ಮೆಟ್ನರ್ ತನ್ನ ಕನ್ಚರ್ಟೋಗಳನ್ನು ತಾನೇ ಹೇಗೆ ನುಡಿಸುತ್ತಿದ್ದ ಅಂತ ಇವತ್ತು ಕೇಳೋಕೆ ಆಗ್ತಿರಲಿಲ್ಲ. ಯುರೋಪಿನ ದೊಡ್ಡ ದೊಡ್ಡ ಮನೆಗಳವರು ಕೈಬಿಟ್ಟಿದ್ದನ್ನ ಮೈಸೂರಿನವರು ಹಿಡಿದರು. ಎರಡೂ ನಿಜ. ಒಂದರಿಂದ ಇನ್ನೊಂದನ್ನ ಕಳೆದು ಉಳಿದದ್ದು ಎಷ್ಟು ಅಂತ ಹೇಳೋ ಗಣಿತ ನನಗೆ ಬರಲ್ಲ.

ಲಂಡನ್ನಿನಲ್ಲಿ 1948ರಲ್ಲಿ ಶುರುವಾದ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರು ಜಯಚಾಮರಾಜರೇ. ಎರಡು ವರ್ಷ ಕಳೆದು ಇನ್ನೊಂದು ದೊಡ್ಡ ಘಟನೆ. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಯೌವನದಲ್ಲಿ ಎಲ್ಲರನ್ನೂ ಬೆಚ್ಚಿಬೀಳಿಸಿದ್ದ ಆಧುನಿಕ. ಆಮೇಲೆ ಹಿಂದಕ್ಕೆ ತಿರುಗಿ ಹಳೆಯ ಮಾಧುರ್ಯಕ್ಕೇ ಬಂದವನು. 1948ರಲ್ಲಿ, ಎಂಬತ್ತನಾಲ್ಕನೇ ವಯಸ್ಸಿನಲ್ಲಿ, ಹೆಣ್ಣುದನಿ ಮತ್ತು ಆರ್ಕೆಸ್ಟ್ರಾಗೆ ಅಂತ ಕೆಲವು ಹಾಡು ಬರೆದ. ಅವುಗಳಲ್ಲಿ ಒಂದು, ಜೀವನವೆಲ್ಲ ಜೊತೆಗೆ ನಡೆದ ಗಂಡ ಹೆಂಡತಿ ಸಂಜೆಯ ಬೆಳಕಿನಲ್ಲಿ ನಿಂತಿರುವ ಹಾಡು. 1949ರ ಸೆಪ್ಟೆಂಬರಿನಲ್ಲಿ ಅವನು ಹೋದ, ತನ್ನ ಹಾಡುಗಳನ್ನು ಕೇಳದೆಯೇ. ಅವುಗಳಿಗೆ ನಾಲ್ಕು ಕೊನೆಯ ಹಾಡುಗಳು ಅಂತ ಹೆಸರು ಬಂತು. ಮೊದಲ ಪ್ರದರ್ಶನ 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವಳು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದವನು ಫುರ್ಟ್‌ವೆಂಗ್ಲರ್, ವಾದ್ಯ ಫಿಲ್‌ಹಾರ್ಮೋನಿಯಾದ್ದು. ಅದಕ್ಕೆ 4,800 ಡಾಲರ್ ಖಾತರಿ ಹಣ ಇಟ್ಟವರು ಜಯಚಾಮರಾಜರು. ಅವರಿಗೆ ಹೋಗಲು ಆಗಲಿಲ್ಲ. ನಾಲ್ಕು ತಿಂಗಳ ಹಿಂದಷ್ಟೇ ಭಾರತ ಗಣರಾಜ್ಯವಾಗಿ ಅವರು ಮೈಸೂರು ರಾಜ್ಯದ ರಾಜಪ್ರಮುಖರಾಗಿದ್ದರು. ಆವತ್ತಿನ ಹಾಡನ್ನು ರೆಕಾರ್ಡ್ ಮಾಡಿ ಹಡಗಿನಲ್ಲಿ ಮೈಸೂರಿಗೆ ಕಳಿಸಿದರು. ಅರಮನೆಯಲ್ಲಿ ಅದಾಗಲೇ ಸುಮಾರು 20,000 ರೆಕಾರ್ಡುಗಳಿದ್ದವಂತೆ.

ರೊಮ್ಯಾಂಟಿಕ್ ಕಾಲದ ಕೊನೆಯ ದೊಡ್ಡ ಕೃತಿ ಅಂತ ಬಹಳ ಜನ ಈ ನಾಲ್ಕು ಹಾಡುಗಳನ್ನೇ ಹೇಳ್ತಾರೆ. ಖರ್ಚಿಗೆ ನಿಂತವರೂ ತಮ್ಮ ವಂಶದ ಕೊನೆಯ ಆಳುವ ದೊರೆ. ಅವರು ಹಾಗೆ ಯೋಚಿಸಿದ್ದರು ಅಂತ ನಾನು ಹೇಳ್ತಿಲ್ಲ, ನನಗೆ ಅನ್ನಿಸಿದ್ದು.

ನನಗೆ ಇನ್ನೂ ಕುತೂಹಲ ಹುಟ್ಟಿಸಿದ್ದು ಬೇರೆ. ಕಿವಿಯಲ್ಲಿ ಇಷ್ಟೊಂದು ಯುರೋಪು ತುಂಬಿಕೊಂಡಿದ್ದ ಈ ಮನುಷ್ಯ ತಾವೇ ಸಂಗೀತ ರಚಿಸಲು ಕೂತಾಗ ಏನು ಬರೆದರು? ಪಿಯಾನೋ ಸೊನಾಟಾ ಖಂಡಿತ ಅಲ್ಲ. ಕರ್ನಾಟಕ ಸಂಗೀತದ 94 ಕೃತಿಗಳು, ಸಂಸ್ಕೃತದಲ್ಲಿ, ಶ್ರೀವಿದ್ಯಾ ಅಂಕಿತದಲ್ಲಿ. ವೀಣೆಯನ್ನು ವೆಂಕಟಗಿರಿಯಪ್ಪನವರಲ್ಲಿ ಕಲಿತಿದ್ದರು. ಮೈಸೂರು ವಾಸುದೇವಾಚಾರ್ಯರಂಥವರು ಆಸ್ಥಾನದಲ್ಲೇ ಇದ್ದರು. ಶ್ರೀವಿದ್ಯಾ ಉಪಾಸನೆಗೆ ದೀಕ್ಷೆ ಕೊಟ್ಟವರು ಶಿಲ್ಪಿ ಸಿದ್ಧಲಿಂಗಸ್ವಾಮಿಗಳು. ಕೃತಿಗಳ ದಾರಿ ಮುತ್ತುಸ್ವಾಮಿ ದೀಕ್ಷಿತರದ್ದು: ಗಂಭೀರ ನಡೆ, ಅಪರೂಪದ ರಾಗಗಳು, ಸಾಹಿತ್ಯದೊಳಗೇ ರಾಗದ ಹೆಸರು. ನನ್ನ ಸಂಕಟ, ನನ್ನ ರಾತ್ರಿ, ನನ್ನ ಪ್ರೀತಿ ಅನ್ನೋ ಮಾತೇ ಇಲ್ಲ. ಎಲ್ಲ ದೇವಿಯ ಮುಂದೆ ಇಟ್ಟದ್ದು. ರೊಮ್ಯಾಂಟಿಕ್ ಸಂಗೀತವನ್ನು ಇಷ್ಟು ಪ್ರೀತಿಸಿದವರು ಬರೆದದ್ದರಲ್ಲಿ ರೊಮ್ಯಾಂಟಿಕ್ ಅನ್ನೋ ಗುಣವೇ ಸಿಗಲ್ಲ. ಅಂದಹಾಗೆ, ಪಾಶ್ಚಾತ್ಯ ಧಾಟಿಗಳಿಗೆ ನೊಟ್ಟುಸ್ವರ ಸಾಹಿತ್ಯ ಬರೆದವರು ಅದೇ ದೀಕ್ಷಿತರು, ಬೀಥೊವನ್ನನ ಸಮಕಾಲೀನರು. ಜಯಚಾಮರಾಜರಿಗೆ ಆ ದಾರಿ ತೆರೆದೇ ಇತ್ತು. ಅವರು ಅದನ್ನ ಹಿಡಿಯಲಿಲ್ಲ. ಕೇಳೋದು ಒಂದು ಮನೆ, ಬರೆಯೋದು ಇನ್ನೊಂದು ಮನೆ.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡಬಹುದು. ಋಗ್ವೇದದಿಂದ ಹಿಡಿದು ಹಲವು ಗ್ರಂಥಗಳು ಅವರ ಹೆಸರಿನ ಗ್ರಂಥಮಾಲೆಯಲ್ಲಿ ಕನ್ನಡಕ್ಕೆ ಬಂದವು. 1956ರವರೆಗೆ ರಾಜಪ್ರಮುಖರು, ಆಮೇಲೆ ಮೈಸೂರು ರಾಜ್ಯದ ರಾಜ್ಯಪಾಲರು, 1964ರಿಂದ ಎರಡು ವರ್ಷ ಮದ್ರಾಸಿನ ರಾಜ್ಯಪಾಲರು. 1971ರಲ್ಲಿ ರಾಜಧನ ರದ್ದಾಯಿತು. ಮೂರು ವರ್ಷಕ್ಕೆ, 1974ರ ಸೆಪ್ಟೆಂಬರ್ 23ರಂದು ತೀರಿಕೊಂಡರು. ವಯಸ್ಸು ಐವತ್ತೈದು.

ಕಳೆದ ತಿಂಗಳು ಊರಿಗೆ ಹೋದಾಗ ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಆಗ ಅವು ಸೊಪ್ಪು ತಿನ್ನೋ ಸದ್ದು ಮಳೆ ಹನಿದಂಗೆ ಕೇಳಿಸುತ್ತೆ, ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ರಾತ್ರಿ ಸೊಪ್ಪು ಹಾಕುವಾಗ ಫೋನಿನಲ್ಲಿ ಮೆಟ್ನರನ ಮೂರನೇ ಕನ್ಚರ್ಟೋ ಹಾಕಿದ್ದೆ. ಹಳೇ ತಟ್ಟೆಯ ಸುರ್ರ್ ಅನ್ನೋ ಸದ್ದು ಯಾವುದು, ಹುಳುವಿನ ಸದ್ದು ಯಾವುದು ಅಂತ ತಿಳೀತಿರಲಿಲ್ಲ. ಅಜ್ಜಿ ಅದೇನು ಹಾಕಿದ್ದೀಯ ಅಂತ ಕೇಳಿದರು. ಮಹಾರಾಜರು ಮಾಡಿಸಿದ್ದು ಅಂದೆ. ಅವರೇ ಹಾಡಿದ್ದಾ ಅಂದರು. ಇಲ್ಲ ಅಜ್ಜಿ, ದುಡ್ಡು ಕೊಟ್ಟಿದ್ದು ಅಂದೆ. ಯಾರ ದುಡ್ಡು ಅಂತ ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ತಟ್ಟೆಗೆ ಸೊಪ್ಪು ಹಾಕೋಕೆ ಹೋದರು. ಎರಡನೇ ಭಾಗ ಶುರುವಾಗಿತ್ತು. ನಾನು ಆಫ್ ಮಾಡಲಿಲ್ಲ.